ವಿಮಾನವಿಲ್ಲದ ನಾಲ್ಕು ಫೋಟೊಗಳು

ನಮ್ಮ ಮನೆತನದ ಹಿರಿಯರನ್ನು ನಾನು ಗದ್ದದಿಂದ ಮಾತ್ರ ಬಲ್ಲೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ. ಬೇರೆಯವರ ಮನೆಗಳಲ್ಲಿ ಗೋಡೆಯ ಮೇಲಿನ ಅಜ್ಜ ಅಜ್ಜಿಯರು ಬಂದವರನ್ನು ನೆಟ್ಟಗೆ ನೋಡುತ್ತಾರೆ, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಸಿಕೊಂಡರೆ ಹುಬ್ಬು ಗಂಟಿಕ್ಕುತ್ತಾರೆ. ನಮ್ಮವರಿಗೆ ಬಂದವರ ಪರಿವೆಯೇ ಇಲ್ಲ. ಎಲ್ಲರೂ ತಲೆ ಎತ್ತಿ ಆಕಾಶ ನೋಡುತ್ತಿದ್ದಾರೆ. ಅವರ ಗುರುತು ಹಿಡಿಯಬಲ್ಲವರು ಯಾರಾದರೂ ಇದ್ದರೆ ಅದು ಕ್ಷೌರಿಕ, ಇಲ್ಲವೇ ಹಲ್ಲಿನ ಡಾಕ್ಟರು.

ಇದಕ್ಕೆ ಕಾರಣ ಯುದ್ಧ. ಎಪ್ಪತ್ತೊಂದರ ಚಳಿಗಾಲದಲ್ಲಿ ನಮ್ಮ ತಾತ ಸೀರೆಗಳ ಗಂಟು ಕಟ್ಟಿಕೊಂಡು ಗದ್ವಾಲದಿಂದ ಹೈದರಾಬಾದಿಗೆ ಹೋದರು. ಜೊತೆಗೆ ಅಜ್ಜಿ, ಹನ್ನೆರಡು ವರ್ಷದ ನಮ್ಮಪ್ಪ, ಅಜ್ಜಿಯ ಸೊಂಟದ ಮೇಲೆ ಕೂಸಾಗಿದ್ದ ನಾಗಮ್ಮತ್ತೆ. ಯುದ್ಧ ಶುರುವಾಗಿ ಸೀರೆ ಕೊಳ್ಳುವವರು ಅಂಗಡಿಯ ಬಾಗಿಲು ಎಳೆದುಕೊಂಡಿದ್ದರು. ಉಳಿದುಕೊಂಡಿದ್ದ ನೆಂಟರ ಮನೆಯ ಕಿಟಕಿಗಳಿಗೆ ದೀಪದ ಬೆಳಕು ಹೊರಗೆ ಬೀಳದಂತೆ ಕರಿ ಕಾಗದ ಅಂಟಿಸಿತ್ತು. ಹಗಲಿಡೀ ಮಾಡಲು ಕೆಲಸವಿಲ್ಲದ ನೇಕಾರನ ಕಾಲು ಸುಮ್ಮನಿರುತ್ತದೆಯೇ? ನೆಂಟರ ಕ್ಯಾಮೆರಾ ಕೇಳಿ ಪಡೆದು, ಸಂಸಾರವನ್ನು ಕರೆದುಕೊಂಡು, ತಾತ ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಹೋಗಿ ನಿಂತರು.

ಬೇಲಿಯಾಚೆಯ ಪಹರೆಯವನು ಮೊದಲೇ ಹೇಳಿಬಿಟ್ಟನಂತೆ, ವಿಮಾನದ ಫೋಟೊ ತೆಗೆದರೆ ನೇರ ಠಾಣೆಗೆ ಎಂದು. ತಾತ ಕಾನೂನಿಗೆ ತಲೆಬಾಗುವ ಮನುಷ್ಯ. ವಿಮಾನಕ್ಕೆ ಬೆನ್ನು ತಿರುಗಿಸಿ ನಿಂತು, ಸಂಸಾರದ ಕಡೆ ಕ್ಯಾಮೆರಾ ಹಿಡಿದರು. ಆದರೆ ಗುಂಡಿ ಒತ್ತುವುದು ಯಾವಾಗ? ವಿಮಾನ ಏಳುವಾಗಲೇ ಅಲ್ಲವೇ, ಅದಕ್ಕಲ್ಲವೇ ಬಂದದ್ದು! ಹೀಗೆ ನಾಲ್ಕು ಸಲ ವಿಮಾನ ಎದ್ದಿತು, ನಾಲ್ಕು ಸಲ ಮನೆಮಂದಿ ತಲೆ ಎತ್ತಿದರು, ನಾಲ್ಕು ಸಲ ತಾತ ಒತ್ತಿದರು. ಫೋಟೊದಲ್ಲಿ ವಿಮಾನವೂ ಬರಲಿಲ್ಲ, ಮುಖಗಳೂ ಬರಲಿಲ್ಲ. ಎರಡನ್ನೂ ಒಟ್ಟಿಗೆ ತಪ್ಪಿಸಿದ ಇಂಥ ಛಾಯಾಗ್ರಾಹಕ ಇನ್ನೊಬ್ಬರು ಇರಲಾರರು. ಆ ಕಾಲದಲ್ಲಿ ಜನ ತಲೆ ಎತ್ತಿ ಯುದ್ಧ ನೋಡುತ್ತಿದ್ದರು, ನಾವು ತಲೆ ತಗ್ಗಿಸಿ ಮೊಬೈಲಿನಲ್ಲಿ ನೋಡುತ್ತೇವೆ. ನಮ್ಮ ಮೊಮ್ಮಕ್ಕಳಿಗೆ ನಮ್ಮ ನೆತ್ತಿ ಮಾತ್ರ ಉಳಿಯಬಹುದು.

ಹೋಗಲಿ, ಗದ್ದವೂ ಒಂದು ಅಂಗವೇ. ನಮ್ಮ ಕವಿಗಳು ಕಣ್ಣಿಗೆ ಕಮಲ, ಮೂಗಿಗೆ ಸಂಪಿಗೆ ಕೊಟ್ಟಿದ್ದಾರೆ, ಗದ್ದಕ್ಕೆ ಒಂದು ಕಾಯಿಪಲ್ಲೆಯನ್ನಾದರೂ ಕೊಟ್ಟದ್ದು ನೆನಪಿಲ್ಲ. ಮಕ್ತಲದ ಹತ್ತಿರದ ಕನ್ನಡ ಶಾಲೆಯಲ್ಲಿ ಇದನ್ನೆಲ್ಲ ಪಾಠ ಮಾಡುವವನು ನಾನು, ಆದ್ದರಿಂದ ನನಗೆ ಗದ್ದದ ಬಗ್ಗೆ ಇಂಥ ಚಿಂತೆಗಳು ಬರುತ್ತವೆ. ನಾಗಮ್ಮತ್ತೆಗೆ ಬರುತ್ತಿದ್ದ ಚಿಂತೆ ಬೇರೆ.

ಅಜ್ಜಿ ಆ ಯುದ್ಧದ ಮರುವರ್ಷವೇ ತೀರಿಕೊಂಡಳು. ಅತ್ತೆಗೆ ತಾಯಿಯ ಮುಖ ಗೊತ್ತಿಲ್ಲ. ನಾಲ್ಕು ಫೋಟೊಗಳಲ್ಲಿಯೂ ಅಜ್ಜಿ ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಇಟ್ಟು ಮೇಲೆ ನೋಡುತ್ತಿದ್ದಾಳೆ. ಹಣೆ ಕಣ್ಣು ಎಲ್ಲ ಆ ಕೈಯ ಹಿಂದೆ. ನಮ್ಮಪ್ಪ ಇರುವತನಕ ಅತ್ತೆ ಅವರನ್ನೇ ಕೇಳುತ್ತಿದ್ದಳು, "ಅಣ್ಣಾ, ಅವ್ವ ಹೆಂಗಿದ್ಲೋ?" "ನಿನ್ನಂಗಽ ಇದ್ಲು" ಎನ್ನುತ್ತಿದ್ದರು ಅಪ್ಪ. ಅತ್ತೆ ಖುಷಿಪಡುತ್ತಿದ್ದಳು. ನನ್ನ ತಂಗಿ ಕೇಳಿದಾಗಲೂ ಅಪ್ಪ ಅದೇ ಉತ್ತರ ಕೊಟ್ಟಿದ್ದರು, ಆ ವಿಷಯ ನಾನು ಅತ್ತೆಗೆ ಹೇಳಿಲ್ಲ. ಹನ್ನೆರಡು ವರ್ಷದ ಹುಡುಗರು ತಾಯಿಯ ಕೈಯಲ್ಲಿ ತಿನ್ನಲು ಏನಿದೆ ಎಂದು ನೋಡುತ್ತಾರೆಯೇ ಹೊರತು ತಾಯಿಯನ್ನು ನೋಡುವುದಿಲ್ಲ. ಈಗ ಅಪ್ಪನೂ ಇಲ್ಲ, ಕೇಳಲು ಯಾರೂ ಉಳಿದಿಲ್ಲ.

ಅತ್ತೆ ಇವತ್ತಿಗೂ ಗದ್ವಾಲದಲ್ಲಿ ಮಗ್ಗದ ಮುಂದೆ ಕೂರುತ್ತಾಳೆ. ನಮ್ಮ ಮನೆಯ ನೇಕಾರರಿಗೆ ಒಂದು ಅಭ್ಯಾಸ, ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬಿಡುವುದು. ಸಾವಿರಾರು ಎಳೆಗಳ ನಡುವೆ ತುಂಡಾದ ಒಂದೇ ಎಳೆಯನ್ನು ಮೇಲೆತ್ತಲು ಅದು ಬೇಕು. ಎಲ್ಲರದೂ ಬಲಗೈಯಲ್ಲಿ, ಅತ್ತೆಯದು ಮಾತ್ರ ಎಡಗೈಯಲ್ಲಿ. ಹುಟ್ಟಾ ಎಡಚಿ ಅವಳು. ಊಟಕ್ಕೆ ಬಲಗೈ ಎಂದು ಹೊಡೆದು ಕಲಿಸಿದ್ದಾರೆ, ಉಳಿದದ್ದಕ್ಕೆಲ್ಲ ಎಡಗೈ ತಾನಾಗಿ ಮುಂದೆ ಬರುತ್ತದೆ. ಜೊತೆಯಲ್ಲೇ ಇರುವ ಅವಳ ನಾದಿನಿ ಮೂವತ್ತು ವರ್ಷಗಳಿಂದ "ಬಲಗೈ, ಬಲಗೈ" ಎನ್ನುತ್ತಲೇ ಬಂದಿದ್ದಾಳೆ. "ನಿಮ್ಮ ಮನ್ಯಾಗ ಯಾರಿಗೂ ಇಲ್ಲ, ಇದು ಎಲ್ಲಿಂದ ಬಂತವ್ವಾ ನಿನಗ?" ಎಂದು ಆಗಾಗ ಕೇಳುತ್ತಾಳೆ. ಮದುವೆ ಮುಂಜಿಗಳಲ್ಲಿ, ಎಡಗೈ ಮುಂದೆ ಬಂದೀತೆಂದು, ಆರತಿ ತಟ್ಟೆ ಅತ್ತೆಯನ್ನು ದಾಟಿ ಮುಂದಕ್ಕೆ ಹೋಗುವುದನ್ನು ನಾನೂ ನೋಡಿದ್ದೇನೆ, ನೋಡಿ ಸುಮ್ಮನಿದ್ದೇನೆ.

ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯನ್ನು ನಮ್ಮ ಕಡೆ ಪೆತ್ರಮಾಸ ಎನ್ನುತ್ತಾರೆ. ಹೋದ ವರ್ಷ ಅದು ಹತ್ತಿರ ಬಂದಾಗ ಅತ್ತೆ ಫೋನು ಮಾಡಿದಳು. "ಗಂಡನ ಮನಿಯವ್ರದು ಎಲ್ಲಾರ್ದೂ ಫೋಟೊ ಐತಿ. ನಮ್ಮವ್ವಗ ಬರೇ ಒಂದು ಚೊಂಬು ಇಡ್ತೀನಿ. ನೀನು ಓದಿದಾವ, ಏನರ ಮಾಡೋ" ಎಂದಳು. ಓದಿದವನಿಗೆ ಇಂಥ ಮಾತಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾಲ್ಕರಲ್ಲಿ ಸ್ಪಷ್ಟವಾದ ಒಂದನ್ನು ಆರಿಸಿ ನಾರಾಯಣಪೇಟೆಯ ಒಂದು ಸ್ಟುಡಿಯೊಗೆ ಹೋದೆ.

ಸ್ಟುಡಿಯೊದವನಿಗೆ ನನಗಿಂತ ಹೆಚ್ಚು ಧೈರ್ಯ. "ಫಿಕರ್ ಮಾಡಬ್ಯಾಡ್ರಿ ಮಾಸ್ತರ್. ಗದ್ದ ಐತಲ್ಲ, ಸಾಕು. ಮುಖ ಕೆಳಗ ಇಳಸಾಕ, ಕಣ್ಣು ತೆರೆಸಾಕ ಎಲ್ಲಾ ಕಂಪ್ಯೂಟರಿಗೆ ಬರ್ತೈತ್ರಿ" ಎಂದ. ಮೂರು ದಿನದಲ್ಲಿ ಮುಖ ಇಳಿಯಿತು. ಉದ್ದನೆಯ ಕಣ್ಣು, ತಿದ್ದಿದ ಹುಬ್ಬು, ತುಟಿಗೆ ಬಣ್ಣ. ಟಿವಿ ಧಾರಾವಾಹಿಯಲ್ಲಿ ಕಷ್ಟಪಟ್ಟರೂ ಕೂದಲು ಕೆದರದ ತಾಯಿಯಂತೆ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಹಳೆಯ ಫೋಟೊವನ್ನೂ ದೊಡ್ಡದು ಮಾಡಿ ಜೊತೆಗೆ ಇಟ್ಟುಕೊಟ್ಟಿದ್ದ. ಎರಡನ್ನೂ ಚೀಲದಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದೆ. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ಭಯವಾಗಿತ್ತು. ಅತ್ತೆ ಇದನ್ನು ನಂಬಿಬಿಟ್ಟರೆ ಎಂದು ಒಂದು ಭಯ, ನಂಬದಿದ್ದರೆ ಎಂದು ಇನ್ನೊಂದು.

ಅತ್ತೆ ಹೊಸ ಮುಖವನ್ನು ಬಹಳ ಹೊತ್ತು ನೋಡಿದಳು. "ಯಾರ ಮಗಳಪಾ ಈಕಿ? ಚೆಂದ ಅದಾಳ" ಎಂದಳು. ಹೆಣ್ಣು ನೋಡಲು ಹೋಗಿ ಬೇಡವೆನ್ನುವಾಗಿನ ಮರ್ಯಾದೆ ಆ ಮಾತಿನಲ್ಲಿತ್ತು. ಆಮೇಲೆ ಅವಳು ದೊಡ್ಡದು ಮಾಡಿದ ಹಳೆಯ ಫೋಟೊ ಎತ್ತಿಕೊಂಡಳು. ಎಳೆ ಎಣಿಸುವಾಗ ಹಾಕುವ ಕನ್ನಡಕ ಹಾಕಿದಳು. ಗದ್ದ ನೋಡಲಿಲ್ಲ, ಸೀರೆ ನೋಡಲಿಲ್ಲ, ಬಿಸಿಲಿಗೆ ಅಡ್ಡ ಇಟ್ಟ ಕೈಯ ಹತ್ತಿರ ಅವಳ ಬೆರಳು ನಿಂತುಬಿಟ್ಟಿತು.

"ಕಿರುಬೆರಳು ನೋಡೋ."

ನೋಡಿದೆ. ಉದ್ದನೆಯ ಉಗುರು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ಇದು ಯಾವ ಕೈಯೋ?" ಎಂದಳು.

ಎಡಗೈ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ಹಳೆಯ ಫೋಟೊಗಳನ್ನು ಕೆಲವೊಮ್ಮೆ ಮಗುಚಿ ಅಚ್ಚುಹಾಕುತ್ತಾರೆ, ಆಗ ಬಲ ಎಡವಾಗುತ್ತದೆ, ಎಡ ಬಲವಾಗುತ್ತದೆ. ಹಾಗಾಗಿದ್ದರೆ? ಈ ಅನುಮಾನವನ್ನು ನುಂಗಿಬಿಡಬಹುದಿತ್ತು. ಆದರೆ ಒಂದು ಸುಳ್ಳು ತಾಯಿಯನ್ನು ಆಗಲೇ ಚೀಲದಲ್ಲಿ ತಂದಿದ್ದೆ, ಎರಡನೆಯದಕ್ಕೆ ಮನಸ್ಸು ಬರಲಿಲ್ಲ. ಅಜ್ಜಿಯ ಪಕ್ಕದಲ್ಲಿ ನಿಂತ ಅಪ್ಪನ ಅಂಗಿಯ ಜೇಬು ಹುಡುಕಿದೆ. ಅಂಗಿಯ ಜೇಬು ಇರುವುದು ಎಡಕ್ಕೆ, ಬಲಕ್ಕೆ ಕಂಡರೆ ಫೋಟೊ ಮಗುಚಿದೆ ಎಂದೇ ಅರ್ಥ. ತಲೆಯಲ್ಲಿ ಲೆಕ್ಕ ಹತ್ತದೆ, ಎದ್ದು ಫೋಟೊದಲ್ಲಿ ಅಪ್ಪ ನಿಂತಂತೆಯೇ ಅತ್ತೆಯ ಕಡೆ ಮುಖಮಾಡಿ ನಿಂತು, ನನ್ನ ಜೇಬು ಮುಟ್ಟಿಕೊಂಡು, ಎಡಗೈ ಎತ್ತಿ ಹಣೆಗೆ ಅಡ್ಡ ಇಟ್ಟೆ. ಅಪ್ಪನ ಜೇಬು ಎಡಕ್ಕೇ ಇತ್ತು. ಫೋಟೊ ಸರಿಯಾಗಿತ್ತು.

"ಎಡಗೈ, ಅತ್ತೆ" ಎಂದೆ. ನನಗೆ ಅಷ್ಟು ಸಂತೋಷವಾದದ್ದು ನನಗೇ ಆಶ್ಚರ್ಯ.

ಅತ್ತೆ ತನ್ನ ಎಡಗೈಯನ್ನು ಫೋಟೊದ ಪಕ್ಕಕ್ಕೆ ಇಟ್ಟಳು. "ನಮ್ಮವ್ವಂದು" ಎಂದಳು. ಅದು ಯಾವ ಕೈಗೆ ಹೇಳಿದ ಮಾತೋ, ನಾನು ಕೇಳಲಿಲ್ಲ. ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ "ಮುಖ ಬ್ಯಾಡ. ಇದಕ್ಕಽ ಕಟ್ಟು ಹಾಕಿಸು" ಎಂದಳು.

ಪೆತ್ರಮಾಸಕ್ಕೆ ಗಾಜಿನ ಕಟ್ಟು ಸಿದ್ಧವಾಯಿತು. ಕಂಪ್ಯೂಟರಿನ ಸುಂದರಿಯನ್ನೂ ಅತ್ತೆ ಬಿಸಾಡಲಿಲ್ಲ, ಹಿಂದೆ ರಟ್ಟಿನ ಬದಲು ಹಾಕಿಸಿದಳು. ಎಡೆ ಇಟ್ಟಾಯಿತು, ಹೊಸ ಸೀರೆ ಇಟ್ಟಾಯಿತು. ಹಿರಿಯರಿಗೆ ಕುಂಕುಮ ಇಡುವಾಗ ಎಲ್ಲರೂ ನಿಂತಿದ್ದೆವು. ಅತ್ತೆ ಭರಣಿಗೆ ಎಡಗೈಯನ್ನೇ ಹಾಕಿದಳು. ಅಜ್ಜಿಯ ಹಣೆ ಕಾಣದಿರುವುದರಿಂದ ಕುಂಕುಮ ಇಡಬೇಕಾದದ್ದು ಆ ಕೈಯ ಮೇಲೆಯೇ. ನಾದಿನಿ ಅಭ್ಯಾಸಬಲದಿಂದ ಬಾಯಿ ತೆರೆದಳು. ಫೋಟೊ ನೋಡಿದಳು, ಅತ್ತೆಯ ಕೈ ನೋಡಿದಳು.

"ನಿಧಾನಕ ಹಚ್ಚು" ಎಂದಳು. "ಉಗುರು ಮುಚ್ಚೀತು, ಕಾಣ್ಲಿ."