ತೆಂಕದ ಪರದೆ, ಬಡಗದ ಪರದೆ

ನನ್ನ ಓದು ಮೂರನೇ ಕ್ಲಾಸಿಗೆ ಮುಗಿಯಿತು. ಕನ್ನಡ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಕ್ಷರ ಗುರುತು ಸಿಗುತ್ತದೆ, ಅಷ್ಟೇ. ಇಂಥವಳು ರಂಗದ ಮೇಲಿನ ಮೂರು ದೊಡ್ಡ ಎಲ್‌ಇಡಿ ಪರದೆಗಳನ್ನು ಒಂದು ಲ್ಯಾಪ್‌ಟಾಪಿನಿಂದ ಓಡಿಸುತ್ತಾಳೆ ಅಂದರೆ ಜನ ನಗುತ್ತಾರೆ. ನಗಲಿ. ನಗುವವರು ಒಂದು ದಿನ ಬಂದು ಕೂತು ನೋಡಲಿ.

ರಿಪ್ಪನ್‌ಪೇಟೆಯಲ್ಲಿ ನಮ್ಮದು ಮೊದಲು ಮೈಕ್‌ಸೆಟ್ ಅಂಗಡಿ. ನನ್ನ ಯಜಮಾನರು ಮದುವೆಗೆ, ಸಭೆಗೆ ಹಾರ್ನ್ ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗ ಹಾರ್ನ್ ಬಿಟ್ಟು ಬಾಕ್ಸು ತಂದ, ಆಮೇಲೆ ಲೈಟು, ಕೊನೆಗೆ ಈ ಪರದೆ. ಅವನು ಹೋಗಿ ಈಗ ಎಂಟು ತಿಂಗಳು. ಎದೆ ನೋಯುತ್ತದೆ ಅಂತ ಶೆಡ್ಡಿನ ಬಾಗಿಲಲ್ಲಿ ಕೂತವನು ಏಳಲಿಲ್ಲ. ಅದರ ಬಗ್ಗೆ ಹೇಳುವುದಕ್ಕೆ ಇನ್ನೇನೂ ಇಲ್ಲ. ಬಂದವರೆಲ್ಲ ನಾನು ಅಳಲಿ ಅಂತ ಸ್ವಲ್ಪ ಹೊತ್ತು ಕಾದರು. ಅಳು ಬರಲಿಲ್ಲ. ಕಾಫಿ ಕುಡಿದು ಹೋದರು.

ಪರದೆಗಳು ಶೆಡ್ಡಿನಲ್ಲಿ ಕಂಬಳಿ ಹೊದ್ದು ಕೂತಿದ್ದವು. ಸಾಗರದಲ್ಲಿ ಇದೇ ಕಸುಬು ಮಾಡುವವರೊಬ್ಬರು ಕೊಂಡುಕೊಳ್ಳುತ್ತೇನೆ ಅಂದರು. ಸೊಸೆ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಾ ನನ್ನ ಕಡೆ ನೋಡದೆ ಹೇಳಿದಳು.

"ತೀರ್ಥಹಳ್ಳಿ ಡ್ಯಾನ್ಸ್ ಕ್ಲಾಸಿನ ಪ್ರೋಗ್ರಾಮು ಅವರಿದ್ದಾಗ ಅವರೇ ಒಪ್ಪಿದ್ದು. ಪಿಕ್ಚರೆಲ್ಲ ಹಾಕಿಟ್ಟಿದಾರೆ. ಅದೊಂದು ಮಾಡಿ ನೋಡ್ತೀನಿ ಅತ್ತೆ. ಸರಿಯಾಯ್ತು ಅಂದ್ರೆ ನಾನೇ ನಡೆಸ್ತೀನಿ. ಇಲ್ಲಾಂದ್ರೆ ಸೋಮವಾರ ಸಾಗರದವರು ಲಾರಿ ತರ್ಲಿ."

"ಕಂಪ್ಯೂಟರಿಗೆ ಯಾರು ಕೂರ್ತಾರೆ?"

"ನೀವು."

"ನಿನಗೆ ತಲೆ ಸರಿ ಉಂಟಾ?"

"ನಾನು ರಂಗದ ಮೇಲೆ ನಿಂತು ಪರದೆ ಕಟ್ಟಿಸ್ಬೇಕು. ಗಾಡಿ ಹೊಡೀಬೇಕು. ನೀವು ಮನೇಲಿ ಕೂತು ಎಂತ ಮಾಡ್ತೀರಿ?"

ಅದು ಸರಿಯೇ. ನಾನು ಮನೆಯಲ್ಲಿ ಕೂತು ಏನೂ ಮಾಡುತ್ತಿರಲಿಲ್ಲ.

ಪೂರ್ತಿ ಹೊಸಬಳೂ ಅಲ್ಲ ನಾನು. ಮಗ ಇದ್ದಾಗ ಎರಡು ವರ್ಷ ಅವನ ಪಕ್ಕ ಕೂತಿದ್ದೇನೆ. ಅವನು ಪರದೆ ಹತ್ತಿರ ಹೋಗಿ ನೋಡಬೇಕಾದಾಗ ಅಲ್ಲಿಂದಲೇ "ಅಮ್ಮಾ, ಒತ್ತು" ಅನ್ನುತ್ತಿದ್ದ. ನಾನು ಉದ್ದದ ಕೀಲಿ ಒತ್ತುತ್ತಿದ್ದೆ. ಚಿತ್ರ ಓಡುತ್ತಿತ್ತು. "ಅಮ್ಮಾ, ಸಾಕು." ಮತ್ತೆ ಅದನ್ನೇ ಒತ್ತುತ್ತಿದ್ದೆ. ನಿಲ್ಲುತ್ತಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ.

ಉಳಿದದ್ದನ್ನು ಮೊಮ್ಮಗಳು ಶಿವಮೊಗ್ಗದ ಹಾಸ್ಟೆಲಿನಿಂದ ಬಂದ ಭಾನುವಾರಗಳಲ್ಲಿ ಹೇಳಿಕೊಟ್ಟಳು. ಒಂದು ಕಾಗದದ ಮೇಲೆ ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಲ್ಯಾಪ್‌ಟಾಪಿನ ಪಕ್ಕ ಅಂಟಿಸಿದಳು. ಅದರಲ್ಲಿ ಮೂರು ಕಿಟಕಿಗಳಿವೆ. ಮೇಲಿನದು ಸ್ಟೇಜು. ಕಪ್ಪು ಬಯಲು, ಅದರ ಮೇಲೆ ಸಾಲಾಗಿ ಮೂರು ಚೌಕ. ಒಂದೊಂದು ಚೌಕವೂ ಒಂದೊಂದು ಪರದೆ. ಚೌಕದ ಮೇಲೆ ಬಿದ್ದ ಚಿತ್ರ ಆ ಪರದೆಗೆ ಹೋಗುತ್ತದೆ. ಮೂರರ ಮೇಲೂ ಹಾಸಿದರೆ ಒಂದೇ ಚಿತ್ರ ಮೂರಕ್ಕೂ ಹರಿಯುತ್ತದೆ. ಕೆಳಗಿನದು ಟೈಮ್‌ಲೈನು. ಯಾವುದು ಯಾವಾಗ ಬರಬೇಕು ಅನ್ನುವುದನ್ನು ಬಣ್ಣದ ಪಟ್ಟಿಗಳಾಗಿ ಒಂದರ ಕೆಳಗೆ ಒಂದು ಇಟ್ಟಿರುತ್ತಾರೆ, ಒಂದು ಕೆಂಪು ಗೆರೆ ಅವನ್ನು ದಾಟುತ್ತಾ ಹೋಗುತ್ತದೆ. ಬಲಗಡೆಯದು ಚಿತ್ರಗಳ ಪಟ್ಟಿ. ಮೂರನ್ನೂ ಒಟ್ಟಿಗೆ ನೋಡಬೇಕು. ಆದರೆ ಕೊನೆಗೆ ಯಾವ ಕಿಟಕಿಯ ಮೇಲೆ ಒತ್ತಿದ್ದೇವೋ ಅದೊಂದೇ ನಮ್ಮ ಮಾತು ಕೇಳುತ್ತದೆ. ಸ್ಟೇಜಿನ ಮೇಲೆ ಒತ್ತಿ ಟೈಮ್‌ಲೈನಿನ ಕೆಲಸ ಹೇಳಿದರೆ ಏನೋ ಒಂದು ಮಾಯವಾಗುತ್ತದೆ. ಮೊದಲ ಭಾನುವಾರ ನಾನು ಒಂದು ಇಡೀ ಬೆಟ್ಟವನ್ನೇ ಅಳಿಸಿದೆ.

"ಕಂಟ್ರೋಲ್ ಜೆಡ್ ಒತ್ತಜ್ಜಿ, ವಾಪಸ್ ಬರ್ತದೆ" ಅಂದಳು ಮೊಮ್ಮಗಳು.

ಒತ್ತಿದೆ. ಬೆಟ್ಟ ವಾಪಸ್ ಬಂತು. ಅದರ ಬಗ್ಗೆಯೂ ನನಗೆ ಏನೂ ಅನಿಸಲಿಲ್ಲ.

ಚೌಕಗಳಿಗೆ ಮಗ ಹೆಸರು ಇಟ್ಟಿದ್ದ, ಇಂಗ್ಲಿಷ್ ಅಕ್ಷರದಲ್ಲಿ: ಎಡಗಡೆಯದಕ್ಕೆ ತೆಂಕ, ಮಧ್ಯದ್ದಕ್ಕೆ ನಡು, ಬಲಗಡೆಯದಕ್ಕೆ ಬಡಗ. ಇದು ಅವನ ಅಪ್ಪನ ಕಾಲದ ರೂಢಿ. ಹಾರ್ನ್ ಕಟ್ಟುವಾಗ ಆಳುಗಳಿಗೆ ಎಡ ಬಲ ಅಂದರೆ ಜಗಳವೇ. ರಂಗದಲ್ಲಿ ನಿಂತವನ ಎಡ ಜನರ ಬಲ. ಅದಕ್ಕೆ ನಮ್ಮವರು ದಿಕ್ಕು ಹಿಡಿದೇ ಮಾತಾಡುತ್ತಿದ್ದರು: ತೆಂಕಕ್ಕೆ ಒಂದು ಕಟ್ಟು, ಬಡಗಕ್ಕೆ ಒಂದು ಕಟ್ಟು. ದಿಕ್ಕು ಯಾರು ಎಲ್ಲಿ ನಿಂತರೂ ಬದಲಾಗುವುದಿಲ್ಲ. ಮಗನೂ ಅದನ್ನೇ ಉಳಿಸಿಕೊಂಡ. ಕೇಬಲಿನ ತುದಿಗೂ ಅದೇ ಚೀಟಿ. ಆಳುಗಳಿಬ್ಬರೂ ಅವನ ಅಪ್ಪನ ಕಾಲದವರು, ಚೀಟಿ ನೋಡಿ, ದಿಕ್ಕು ನೋಡಿ ಸಿಕ್ಕಿಸುತ್ತಾರೆ. ಒಂದು ದಿನವೂ ತಪ್ಪಿದ್ದಿಲ್ಲ.

ಶೆಡ್ಡಿನಲ್ಲಿ ಮೂರೂ ಪರದೆ ನಿಲ್ಲಿಸಿ ಓಡಿಸಿ ನೋಡಿದೆವು. ಎಲ್ಲ ಸರಿಯಿತ್ತು.

ಪ್ರೋಗ್ರಾಮಿನ ದಿನ ಬೆಳಿಗ್ಗೆಯೇ ತೀರ್ಥಹಳ್ಳಿ ಮುಟ್ಟಿದೆವು. ಹಾಲ್ ಹೊಸದು, ನಾವ್ಯಾರೂ ನೋಡಿದ್ದಲ್ಲ. ಸೊಸೆ ಸೆರಗು ಸಿಕ್ಕಿಸಿ ಆಳುಗಳ ಜೊತೆ ಪರದೆ ಎತ್ತಿಸಿದಳು. ಕೇಬಲು ನೆಲದ ಮೇಲೆ ಎಳೆದು, ಯಾರೂ ಎಡವದ ಹಾಗೆ ಉದ್ದಕ್ಕೂ ಟೇಪು ಅಂಟಿಸಿದರು. ನನ್ನ ಟೇಬಲ್ಲು ಜನ ಕೂರುವ ಜಾಗದ ಹಿಂದೆ, ದೊಡ್ಡ ಬಾಗಿಲ ಹತ್ತಿರ.

ನಾಲ್ಕು ಗಂಟೆಗೆ ಪ್ರೋಗ್ರಾಮು. ಎರಡೂವರೆಗೆ ಮಕ್ಕಳಿಗೆ ಒಂದು ಸಲ ಆಡಿಸಿದರು. ಮೊದಲಿನ ನೃತ್ಯಗಳಿಗೆ ಮೂರು ಪರದೆಗೂ ಒಂದೇ ಥರದ ಚಿತ್ರ, ಕಂಬ, ದೀಪ, ಕಾಡು. ತೊಂದರೆ ಇಲ್ಲ. ಕೊನೆಯದು ಹಿನ್ನೀರಿನ ನೃತ್ಯ. ಮಗ ಸೇತುವೆ ಆಗುವ ಮೊದಲು ಹೊಳೆಬಾಗಿಲಿಗೆ ಹೋಗಿ ಹಿನ್ನೀರು ದಾಟಿಸುವ ಲಾಂಚಿನ ವಿಡಿಯೋ ಹಿಡಿದಿದ್ದ. ಎಡಗಡೆ ಪರದೆಯಲ್ಲಿ ಲಾಂಚು ದಡ ಬಿಡಬೇಕು, ನಡುವಿನದರಲ್ಲಿ ನೀರು ದಾಟಬೇಕು, ಬಲಗಡೆಯದರಲ್ಲಿ ಆಚೆ ದಡ ಮುಟ್ಟಬೇಕು. ಮಕ್ಕಳು ಅದರ ಮುಂದೆ ಅದರ ಜೊತೆಗೇ ಹೆಜ್ಜೆ ಹಾಕುತ್ತಾ ದಾಟಬೇಕು.

ಕೀಲಿ ಒತ್ತಿದೆ. ಲಾಂಚು ಬಲಗಡೆಯ ಪರದೆಯಲ್ಲಿ ಹೊರಟಿತು. ಮೂತಿ ಗೋಡೆಯ ಕಡೆಗೆ. ಗೋಡೆಯೊಳಗೆ ಹೋಗಿ ಮಾಯವಾಯಿತು. ಆಮೇಲೆ ನಡುವೆ ಕಂಡಿತು. ಕೊನೆಗೆ ಎಡಗಡೆ ಎಲ್ಲಿಂದಲೋ ಬಂದು ದಡ ಮುಟ್ಟಿತು. ಮಕ್ಕಳು ಎಡದಿಂದ ಹೊರಟವರು ಹಿಂತಿರುಗಿ ನೋಡಿ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು.

"ಡ್ರೈವರ್ ಕುಡ್ದು ಬಂದಿದಾನೆ, ಬಿಡಿ" ಅಂದ ರಂಗದ ಮೇಲಿದ್ದ ಆಳು.

ಡ್ಯಾನ್ಸ್ ಟೀಚರಿಗೆ ನಗು ಬರಲಿಲ್ಲ. ನನ್ನ ಟೇಬಲ್ಲಿನ ತನಕ ಬಂದರು. ನನ್ನನ್ನು ನೋಡಿದರು, ಆಮೇಲೆ ಸೊಸೆಯನ್ನು.

"ಅಲ್ಲ ಮಾರಾಯ್ರೆ, ಇಷ್ಟು ದೊಡ್ಡ ಪ್ರೋಗ್ರಾಮಿಗೆ ಅಜ್ಜೀನ ಕೂರಿಸಿದೀರಲ್ಲ!"

"ಅಜ್ಜೀದಲ್ಲ ತಪ್ಪು, ಎಂತದೋ ಕೇಬಲ್ಲು…" ಅಂದಳು ಸೊಸೆ.

"ಎಂತದೋ ನಂಗೊತ್ತಿಲ್ಲ. ಮೂರೂವರೆ ತನಕ ನೋಡ್ತೀನಿ. ಆಗಿಲ್ಲ ಅಂದ್ರೆ ಪರದೆ ಆಫ್ ಮಾಡಿ, ನಾನು ಹಿಂದೆ ಕರ್ಟನ್ ಬಿಡ್ತೀನಿ. ಮಕ್ಳ ಅಪ್ಪ ಅಮ್ಮ ಎಲ್ಲ ಬರ್ತಾರೆ."

ಟೀಚರ್ ಹೋದರು. ಸೊಸೆ ರಂಗಕ್ಕೆ ಹೋಗಿ ಚೀಟಿ ನೋಡಿಸಿದಳು. ಆಳು ಅಲ್ಲಿಂದಲೇ ಕೂಗಿದ: "ತೆಂಕದ್ದು ತೆಂಕಕ್ಕೇ ಉಂಟಮ್ಮ, ಬಡಗದ್ದು ಬಡಗಕ್ಕೇ ಉಂಟು. ನಾವು ತಪ್ಪಿಲ್ಲ." ಅವರು ತಪ್ಪಿರಲಿಲ್ಲ. ನಾನೂ ಏನನ್ನೂ ಮುಟ್ಟಿರಲಿಲ್ಲ. ಮಗ ಇಟ್ಟದ್ದು ಇಟ್ಟ ಹಾಗೇ ಇತ್ತು.

ಸೊಸೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಕೈಯೆಲ್ಲ ಟೇಪಿನ ಅಂಟು.

"ಬಿಟ್ಬಿಡಣ ಅತ್ತೆ. ಇದು ನಮ್ಮ ಕೈಲಾಗೋದಲ್ಲ. ಲಾರಿ ಬರ್ಲಿ."

ಅವಳ ಮಾತು ನನಗೆ ದೂರದಿಂದ ಕೇಳಿದ ಹಾಗೆ ಕೇಳಿತು. ಎಂಟು ತಿಂಗಳಿಂದ ಎಲ್ಲರ ಮಾತೂ ಹಾಗೆಯೇ ಕೇಳುತ್ತಿತ್ತು. ಆ ಹೊತ್ತಿಗೆ ನನಗಿದ್ದ ತೊಂದರೆ ಬೇರೆ. ಹಿಂದಿನ ಬಾಗಿಲಿಂದ ಬಿಸಿಲು ನೇರ ಲ್ಯಾಪ್‌ಟಾಪಿನ ಮೇಲೆ ಬಿದ್ದು ಏನೂ ಕಾಣುತ್ತಿರಲಿಲ್ಲ. ಸೆರಗು ಬಿಚ್ಚಿ ತಲೆಯಿಂದ ಲ್ಯಾಪ್‌ಟಾಪಿನ ತನಕ ಹೊದ್ದು ಬಗ್ಗಿ ನೋಡುತ್ತಿದ್ದೆ. ಬೆನ್ನು ಸುಡುತ್ತಿತ್ತು.

ಬೆನ್ನು ಯಾಕೆ ಸುಡಬೇಕು?

ಮಗನ ಪಕ್ಕ ಕೂತ ಹಾಲ್‌ಗಳಲ್ಲೆಲ್ಲ ಮಧ್ಯಾಹ್ನದ ಮೇಲಿನ ಬಿಸಿಲು ರಂಗದ ಬೆನ್ನಿಗೆ ಬೀಳುತ್ತಿತ್ತು. ನನ್ನ ಬೆನ್ನಿಗೆ ಯಾವತ್ತೂ ಬಿದ್ದಿರಲಿಲ್ಲ. ನಮ್ಮ ಕಡೆ ರಂಗ ಕಟ್ಟುವಾಗ ಮೂಡಕ್ಕೆ ಮುಖ ಮಾಡಿ ಕಟ್ಟುವುದೇ ಹೆಚ್ಚು. ಜನ ಪಡುವಣಕ್ಕೆ ತಿರುಗಿ ಕೂರುತ್ತಾರೆ, ಆಗ ಅವರ ಎಡಗೈ ತೆಂಕ. ಈ ಹಾಲಿನ ರಂಗ ಪಡುವಣಕ್ಕೆ ಮುಖ ಮಾಡಿತ್ತು. ಜನ ಮೂಡಕ್ಕೆ ತಿರುಗಿ ಕೂರಬೇಕು, ಎಡಗೈ ಬಡಗವಾಗುತ್ತದೆ. ಆಳುಗಳು ದಿಕ್ಕು ನೋಡಿ ಸರಿಯಾಗಿಯೇ ಸಿಕ್ಕಿಸಿದ್ದರು. ಕಂಪ್ಯೂಟರಿಗೆ ದಿಕ್ಕು ಗೊತ್ತಿಲ್ಲ. ಅದಕ್ಕೆ ಎಡ ಬಲ ಮಾತ್ರ. ಇಂಥ ಹಾಲ್ ಬಂದಾಗ ಮಗ ಚೌಕಗಳನ್ನು ಅದಲು ಬದಲು ಮಾಡುತ್ತಿದ್ದಿರಬೇಕು. ಯಾರಿಗೂ ಹೇಳಿರಲಿಲ್ಲ. ಅವನಿಗೆ ಅದು ಹೇಳುವ ವಿಷಯ ಅಂತಲೇ ಅನಿಸಿರಲಿಕ್ಕಿಲ್ಲ.

"ಕೇಬಲು ಕಿತ್ತು ಬದಲಾಯ್ಸಿದ್ರೆ?" ಅಂದೆ.

"ಟೇಪೆಲ್ಲ ಕೀಳ್ಬೇಕು. ಉದ್ದಾನೂ ಸಾಲಲ್ಲ. ಎಂತಕ್ಕೆ?"

"ಸುಮ್ನೆ ಕೂತ್ಕೊ ಹಂಗಾರೆ. ಆ ಬಾಗ್ಲು ಹಾಕು."

ಅವಳು ಬಾಗಿಲು ಹಾಕಿದಳು. ಸ್ಟೇಜಿನ ಮೇಲೆ ಒಮ್ಮೆ ಒತ್ತಿದೆ, ನನ್ನ ಮಾತು ಅದು ಕೇಳಲಿ ಅಂತ. ತೆಂಕದ ಚೌಕ ಹಿಡಿದು ಎಳೆದೆ. ಜಗ್ಗಲಿಲ್ಲ. ಮತ್ತೆ ಎಳೆದೆ. ಇಲ್ಲ. ಚೌಕದ ಮೂಲೆಯಲ್ಲಿ ಸಣ್ಣ ಬೀಗದ ಚಿತ್ರವಿತ್ತು. ನನ್ನ ಕಾಗದದಲ್ಲಿ ಬೀಗದ ವಿಷಯ ಇರಲಿಲ್ಲ. ನಾನು ತಿಳಿಯದೆ ಚೌಕ ಸರಿಸಿಬಿಡುತ್ತೇನೆ ಅಂತಲೇ ಅವನು ಹಾಕಿದ್ದೋ ಏನೋ. ಮೌಸಿನ ಬಲಗಡೆ ಒತ್ತಿದೆ. ಉದ್ದಕ್ಕೆ ಪಟ್ಟಿ ಬಿಚ್ಚಿಕೊಂಡಿತು. ಅದರಲ್ಲಿಯೂ ಬೀಗ, ಪಕ್ಕದಲ್ಲಿ ಸರಿ ಗುರುತು. ಅದನ್ನು ಒತ್ತಿದೆ. ಗುರುತು ಹೋಯಿತು. ಬಡಗಕ್ಕೂ ಹಾಗೇ ಮಾಡಿದೆ.

ಎರಡು ಪಾತ್ರೆಯ ಸಾರು ಅದಲು ಬದಲು ಮಾಡಲು ಮೂರನೇ ಪಾತ್ರೆ ಬೇಕು. ಮೊದಲು ತೆಂಕವನ್ನು ಕೆಳಗೆ ಖಾಲಿ ಜಾಗಕ್ಕೆ ಎಳೆದು ಬಿಟ್ಟೆ. ಬಡಗವನ್ನು ಅದರ ಜಾಗಕ್ಕೆ ತಂದೆ. ಹತ್ತಿರ ಬಂದ ಕೂಡಲೇ ತಾನೇ ನಡುವಿಗೆ ಅಂಟಿಕೊಂಡಿತು. ಆಮೇಲೆ ತೆಂಕವನ್ನು ಬಲಗಡೆಗೆ. ಬೆರಳು ನಡುಗಲಿಲ್ಲ. ನಡುಗಿದ್ದರೆ ಒಳ್ಳೆಯದಿತ್ತೇನೋ, ಒಳಗೆ ಏನಾದರೂ ಇದೆ ಅಂತ ಆಗುತ್ತಿತ್ತು.

"ಒತ್ತಲಾ?" ಅಂದೆ.

ಸೊಸೆ ಪರದೆಯ ಕಡೆಗೆ ನೋಡುತ್ತಿದ್ದಳು. "ಒತ್ತಿ."

ಲಾಂಚು ಎಡಗಡೆ ದಡ ಬಿಟ್ಟಿತು. ನಡುವಿಗೆ ಬಂತು. ಅದರ ಮೇಲೆ ನಿಂತ ಜನ, ಒಂದು ಜೀಪು, ಕಟಾಂಜನಕ್ಕೆ ಒರಗಿದ ಒಬ್ಬ ಹೆಂಗಸು, ಎಲ್ಲ ಒಂದು ಪರದೆಯಿಂದ ಇನ್ನೊಂದಕ್ಕೆ ಮುರಿಯದೆ ದಾಟಿದರು. ಬಲಗಡೆ ಆಚೆ ದಡ ಮುಟ್ಟಿತು. ರಂಗದ ಮೇಲಿದ್ದ ಮಕ್ಕಳು ತಾವಾಗಿಯೇ ಹೆಜ್ಜೆ ಹಾಕಿದರು.

ಟೀಚರ್ ದೂರದಿಂದಲೇ ಕೈ ಎತ್ತಿದರು. "ಹಾಂ, ಇದು! ಇದು ಅಜ್ಜಿ!"

ಸೊಸೆ ಎದ್ದು ಹೋಗಿ ಟೀ ತಂದಿಟ್ಟಳು. ರಂಗ ಪಡುವಣಕ್ಕೆ ಮುಖ ಮಾಡಿದ್ದೇ ಕಾರಣ ಅಂತ ಟೀ ಕುಡಿಯುತ್ತಾ ಅವಳಿಗೆ ಹೇಳಿದೆ. ನಾಲ್ಕು ಗಂಟೆಗೆ ಶುರುವಾಗಿ ಆರೂವರೆಗೆ ಮುಗಿಯಿತು. ಎಲ್ಲ ಸರಿಯಾಗಿ ಓಡಿತು. ಜನ ಚಪ್ಪಾಳೆ ಹೊಡೆದರು, ಮಕ್ಕಳಿಗೆ.

ಮುಚ್ಚುವಾಗ ಕಂಪ್ಯೂಟರು ಕೇಳಿತು. ಅದು ಏನು ಕೇಳುತ್ತದೆ ಅಂತ ಕಾಗದದಲ್ಲಿ ಬರೆದಿತ್ತು: ಬದಲಾಯಿಸಿದ್ದನ್ನು ಉಳಿಸಬೇಕಾ. ಹೌದು ಅಂದರೆ ಮಗ ಇಟ್ಟ ಸಾಲು ಹೋಗಿ ನನ್ನ ಸಾಲು ಬರುತ್ತದೆ. ಬೇಡ ಅಂದರೆ ಈವತ್ತಿನದು ಹೋಗುತ್ತದೆ. ಆಳುಗಳು ಟೇಪು ಕೀಳುವ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂತೆ. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಸೇವ್ ಆ್ಯಸ್, ಹೊಸ ಹೆಸರು. ಅದನ್ನು ಹುಡುಕಿ ಒತ್ತಿದೆ. ಮಗನ ಫೈಲಿಗೆ ಶೋ ಒಂದು ಅಂತ ಹೆಸರು. ನನ್ನದಕ್ಕೆ ಕೀಲಿಗಳಲ್ಲಿ ಅಕ್ಷರ ಒಂದೊಂದಾಗಿ ಹುಡುಕಿ ಪಡುವಣ ಅಂತ ಕುಟ್ಟಿದೆ. ಎರಡೂ ಒಂದರ ಕೆಳಗೆ ಒಂದು ಕೂತವು.

ಎಲ್ಲ ತುಂಬಿ ಗಾಡಿ ಹತ್ತುವಾಗ ಸಾಗರದವರ ಫೋನು ಬಂತು. ಸೊಸೆ ಸ್ಪೀಕರಿಗೆ ಹಾಕಿದಳು.

"ಎಂತಾಯ್ತಮ್ಮ? ಸೋಮವಾರ ಲಾರಿ ಕಳಿಸ್ಲಾ?"

"ಬೇಡ ಅಣ್ಣ. ಕೊಡಲ್ಲ."

"ಸರಿ, ನಿಂದೇ ಇಟ್ಕೊ. ಆದ್ರೆ ಒಂದು ಉಪಕಾರ ಮಾಡು. ಗುರುವಾರ ನಮ್ಮ ಸಾಗರದಲ್ಲೊಂದು ಕೆಲ್ಸ ಉಂಟು. ನಂಗೆ ಮೂರು ಪರದೆ ಕಮ್ಮಿ ಬೀಳ್ತದೆ. ಬರ್ತೀಯ?"

ಸೊಸೆ ನನ್ನ ಕಡೆ ನೋಡಿದಳು. ಆಮೇಲೆ ಫೋನಿನ ಕಡೆ ಬಗ್ಗಿದಳು.

"ನಿಮ್ಮ ಹಾಲಿನ ರಂಗ ಯಾವ ದಿಕ್ಕಿಗೆ ಮುಖ?"

"ಅದೆಂತಕ್ಕೆ ನಿಂಗೆ? ವಾಸ್ತು ನೋಡ್ತೀಯ?"

"ಹೇಳಿ ಅಣ್ಣ."

"ಮೂಡಕ್ಕೆ."

ಅವಳು ಬರ್ತೀವಿ ಅಂತ ಹೇಳಿ ಫೋನ್ ಇಟ್ಟಳು. "ಮೂಡ ಅಂತೆ ಅತ್ತೆ."

"ಹಂಗಾರೆ ಅವನ ಫೈಲೇ ಆಗ್ತದೆ" ಅಂದೆ.

ಅವಳು ಗಾಡಿ ಸ್ಟಾರ್ಟ್ ಮಾಡಿದಳು.