ದೋಣಿಯಜ್ಜ ಮತ್ತು ಹದಿಮೂರನೆಯ ಚಾನೆಲ್

ನಾನು ನಿಂತಿದ್ದದ್ದು ದೋಣಿಯಜ್ಜನ ಮನೆಯ ತಲೆಬಾಗಿಲಲ್ಲಿ, ಬಲಭುಜವನ್ನು ಚೌಕಟ್ಟಿಗೆ ಒರಗಿಸಿ. ಭಾನುವಾರ, ಸಂಜೆ ನಾಲ್ಕೂಕಾಲು. ಅಲ್ಲಿಂದ ಒಳಗಿನ ಟಿವಿ ಕಾಣುತ್ತಿತ್ತು, ಕತ್ತು ತಿರುಗಿಸಿದರೆ ಕಬಿನಿಯೂ ಕಾಣುತ್ತಿತ್ತು. ನನ್ನ ಕಣ್ಣು ಮಾತ್ರ ಅಜ್ಜನ ಹೆಬ್ಬೆರಳುಗಳ ಮೇಲಿತ್ತು. ಬಿದಿರ ಗಳ ಹಿಡಿದು ದೋಣಿ ನೂಕಿ ನೂಕಿ ಅವು ಹಲಸಿನ ಬೀಜದಂತೆ ಗಟ್ಟಿಯಾಗಿದ್ದವು. ಮೊಬೈಲಿನ ಗಾಜು ಆ ಜಡ್ಡನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಟಿವಿಗೆ ಜೋಡಿಸಿದ್ದ ಹಳೆಯ ಗೇಮ್ ಪೆಟ್ಟಿಗೆಯ ರಿಮೋಟಿನಲ್ಲಿ ಗುಂಡಿಗಳಿದ್ದವು. ಗುಂಡಿ ಒತ್ತಿದರೆ ಒತ್ತಿದಂತೆ.

ಕೇರಳದ ದಡದ ನಮ್ಮ ಮರಕ್ಕಡವಿನಲ್ಲಿ ಅಜ್ಜ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೋಣಿ ನಡೆಸಿದವರು. ಅವರ ಅಕ್ಕನನ್ನು ಕೊಟ್ಟದ್ದು ಆಚೆ ದಡಕ್ಕೆ, ಕರ್ನಾಟಕದ ಕಡೆಗೆ. ಅಕ್ಕ ಪ್ರತಿ ಭಾನುವಾರ ದೋಣಿ ಹತ್ತುತ್ತಿದ್ದರು. ದೋಣಿಯ ನಡುಹಲಗೆಯ ಮೇಲೆ ಇದ್ದಿಲಲ್ಲಿ ಬರೆದ ಚೆಸ್ ಮನೆಗಳಿದ್ದವು. ಬರುವಾಗ ನಾಲ್ಕು ನಡೆ, ಹೋಗುವಾಗ ನಾಲ್ಕು ನಡೆ. ಕಾಯಿಗಿಂತ ಬೈಗುಳವೇ ಹೆಚ್ಚು ಓಡುತ್ತಿತ್ತು. ಅಕ್ಕನ ಆನೆ ಮೂಲೆಯಿಂದ ನುಗ್ಗಿದರೆ ಅಜ್ಜ ದೋಣಿಯಲ್ಲಿದ್ದ ನಮ್ಮ ಕಡೆ ತಿರುಗಿ, "ನೋಡಿದ್ರಾ ಟೀಚರೇ, ನಮ್ಮೂರಲ್ಲಿ ಆನೆ ಹೇಳಿ ಕೇಳಿ ಬರುತ್ತಾ?" ಎನ್ನುತ್ತಿದ್ದರು.

ಅಜ್ಜನ ಮೊಣಕಾಲು ಕೈಕೊಟ್ಟಿತು. ದೋಣಿ ಬೇರೆಯವನ ಕೈಗೆ ಹೋಯಿತು. ಅಕ್ಕನ ಕಾಲೂ ಊದಿ, ದೋಣಿ ಹತ್ತಿಳಿಯಲು ಆಗದೆ ಬರುವುದನ್ನು ನಿಲ್ಲಿಸಿದರು. ಎಂಟು ತಿಂಗಳು ಅಜ್ಜ ಗೇಟು ದಾಟಲಿಲ್ಲ. ಫೋನ್ ಕೊಟ್ಟರೆ, "ಫೋನಲ್ಲಿ ಬೈದ್ರೆ ಹತ್ತಲ್ಲ" ಎಂದು ಸೊಸೆಗೆ ವಾಪಸು ಕೊಡುತ್ತಿದ್ದರು. ಊಟವೂ ಕಡಿಮೆಯಾಗಿತ್ತು.

ಆಗ ಒಂದು ಸುದ್ದಿ ಬಂತು. ಅಕ್ಕ ತಮ್ಮ ಮನೆಯ ಗೇಮ್ ಪೆಟ್ಟಿಗೆಯಲ್ಲಿ ಇಂಟರ್ನೆಟ್ಟಿನ ಮೇಲೆ ಚೆಸ್ ಆಡುತ್ತಿದ್ದಾರಂತೆ, ಯಾರ್ಯಾರ ಜೊತೆಗೋ! ಅಜ್ಜ ಎದ್ದು ಕೂತರು. "ತಮ್ಮ ಬದುಕಿರುವಾಗ ಊರು ಹೆಸರಿಲ್ಲದವರ ಜೊತೆ ಆಟವಾ?"

ನಮ್ಮ ಅಟ್ಟದಲ್ಲಿ ಅಂಥದೇ ಒಂದು ಪೆಟ್ಟಿಗೆ ಇತ್ತು. ಇಳಿಸಿ, ದೂಳು ಒರೆಸಿ ತಂದುಕೊಟ್ಟೆ. ಅಜ್ಜನ ಮನೆಗೆ ಆ ತಿಂಗಳಷ್ಟೇ ಹೊಸ ವೈಫೈ ಬಂದಿತ್ತು. ಆದರೆ ಪೆಟ್ಟಿಗೆ ತೋರಿಸಿದ ಪಟ್ಟಿಯಲ್ಲಿ ಅಜ್ಜನ ಮನೆಯ ವೈಫೈಯ ಹೆಸರೇ ಇರಲಿಲ್ಲ. ಮೊಬೈಲಿಗೆ ಕಾಣುತ್ತಿತ್ತು, ಪೆಟ್ಟಿಗೆಗೆ ಕಾಣುತ್ತಿರಲಿಲ್ಲ. ಮರುದಿನ ನೋಡಿದರೆ, ಅಜ್ಜ ವೈಫೈ ಡಬ್ಬಿಯನ್ನು ಬಾಳೆನಾರಿನಿಂದ ಹೊಳೆಕಡೆಯ ಕಿಟಕಿಯ ಸರಳಿಗೆ ಕಟ್ಟಿಸಿದ್ದರು, ಮೂತಿ ಅಕ್ಕನ ಮನೆಯ ಕಡೆಗೆ.

"ಅಜ್ಜಾ, ಇದು ನೇರವಾಗಿ ಹೊಳೆ ದಾಟಲ್ಲ. ತಂತಿಯಲ್ಲಿ ಎಲ್ಲೆಲ್ಲೋ ದೂರದ ಊರು ಸುತ್ತಿ ಆಚೆ ದಡಕ್ಕೆ ಹೋಗುತ್ತೆ."

"ಕೂಗಿದ್ರೆ ಕೇಳೋ ದೂರಕ್ಕಾ? ಶರಿ. ಈ ಇಂಟರ್ನೆಟ್ಟಿನವ್ರ ಕೈಗೆ ದೋಣಿ ಕೊಟ್ಟಿದ್ರೆ ಮುಳುಗ್ತಿದ್ವಿ."

ವೈಫೈ ಲೈನಿನ ಹುಡುಗ ಬಂದ. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಇದು ಹಳೆಯದು, ಇದಕ್ಕೆ ಕಿವಿ ಕೇಳಿಸಲ್ಲ, ಬಿಸಾಡಿ ಎಂದ. ಸೊಸೆ ತಲೆ ಆಡಿಸಿದಳು. ನಾನೂ ಒಪ್ಪಿದೆ. ಅಜ್ಜ ಒಪ್ಪಲಿಲ್ಲ.

"ಟೀಚರೇ, ಆ ಪಟ್ಟೀಲಿ ಯಾರ ಹೆಸರಿದೆ?"

"ನಮ್ಮ ಮನೆಯದು ಮಾತ್ರ, ಅಜ್ಜಾ. ಸಿಗ್ನಲ್ ಒಂದೇ ಗೀಟು. ಆಟಕ್ಕೆ ಸಾಲಲ್ಲ."

"ಅಷ್ಟು ದೂರದ ನಿಮ್ಮದು ಕೇಳುತ್ತೆ, ಪಕ್ಕದ ನಮ್ಮದು ಕೇಳಲ್ಲ. ಹಾಗಾದ್ರೆ ಕಿವಿ ಸರಿಯಾಗೇ ಇದೆ. ನಮ್ಮ ಕೂಗೇ ಬೇರೆ." ಗಾಳಿ ಎದ್ದ ದಿನ ತೆಳ್ಳಗೆ ಕೂಗಿದರೆ ಆಚೆ ದಡಕ್ಕೆ ಕೇಳುವುದಿಲ್ಲವಂತೆ, ಹೊಟ್ಟೆಯಿಂದ ದಪ್ಪಗೆ ಕೂಗಬೇಕಂತೆ. "ಕೇಳೋರನ್ನ ಬಿಸಾಡ್ತಾರಾ? ಕೂಗು ಬದಲಾಯಿಸ್ತಾರೆ."

ನಾನು ಎರಡೂ ಮನೆಯ ವೈಫೈ ಸೆಟ್ಟಿಂಗನ್ನು ಮೊಬೈಲಿನಲ್ಲಿ ತೆರೆದು, ಒಂದೊಂದು ಸಾಲನ್ನೂ ಕಾಗದಕ್ಕೆ ಬರೆದುಕೊಂಡೆ. ಹೆಸರು, ಪಾಸ್‌ವರ್ಡ್ ಬಿಟ್ಟರೆ ಒಂದೇ ಒಂದು ಸಾಲು ಬೇರೆ ಇತ್ತು. ರೇಡಿಯೊ ಸ್ಟೇಷನ್‌ಗಳ ಹಾಗೆ ವೈಫೈಗೂ ಚಾನೆಲ್ ಸಂಖ್ಯೆ ಇರುತ್ತದೆ. ನಮ್ಮದು ಆರು. ಅಜ್ಜನ ಡಬ್ಬಿ ತಾನಾಗಿ ಆರಿಸಿಕೊಂಡದ್ದು ಹದಿಮೂರು. ಬೇರೆ ದೇಶಕ್ಕೆಂದು ಮಾಡಿದ ನಮ್ಮ ಪೆಟ್ಟಿಗೆಗೆ ಹನ್ನೊಂದರ ಮೇಲಿನದು ಗೊತ್ತೇ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ಸುಮ್ಮನೆ ಹದಿಮೂರನ್ನು ಅಳಿಸಿ ಆರು ಹಾಕಿದೆ. ಡಬ್ಬಿಯ ದೀಪ ಆರಿ, ಮತ್ತೆ ಹೊತ್ತಿಕೊಂಡಿತು. ಪೆಟ್ಟಿಗೆಯ ಪಟ್ಟಿಯಲ್ಲಿ ಅಜ್ಜನ ಮನೆಯ ಹೆಸರು ಮೊದಲನೆಯದಾಗಿ ಬಂತು.

ನಾಲ್ಕೂಕಾಲು ಎಂದೆನಲ್ಲ, ಅದು ಆ ಭಾನುವಾರವೇ. ಆಚೆ ದಡಕ್ಕೆ ಸೊಸೆ ಫೋನ್ ಮಾಡಿ ಹೇಳಿದ್ದಳು. ಟಿವಿಯ ಮೇಲೆ ಚೆಸ್ ಮಣೆ ಬಂತು, ಅತ್ತಲಿನವರಿಗೆ ಬಿಳಿ ಕಾಯಿ. ಅಜ್ಜ ಅನುಮಾನದಿಂದ ಕೂತಿದ್ದರು. "ಇದು ಅವಳೇ ಅಂತ ಏನು ಗ್ಯಾರಂಟಿ?"

ಬಿಳಿಯ ಮೂಲೆಯ ಪದಾತಿ ಒಂದು ಮನೆ ಮುಂದೆ ಬಂತು. ಬುದ್ಧಿ ಇರುವವರು ಯಾರೂ ಹಾಗೆ ಆಟ ಶುರು ಮಾಡುವುದಿಲ್ಲ. ಅಕ್ಕ ಮಾತ್ರ ಪ್ರತಿ ಸಲವೂ ಹಾಗೇ ಮಾಡುತ್ತಿದ್ದರು.

ಅಜ್ಜ ರಿಮೋಟನ್ನು ಚಾಪೆಯ ಮೇಲಿಟ್ಟರು. ಊರುಗೋಲು ಹಿಡಿದು ನನ್ನನ್ನು ದಾಟಿ ಹೊರಟರು. ಸೊಸೆ "ಮಾವಾ!" ಎಂದು ಹಿಂದೆ ಓಡಿದಳು, ನಾನೂ ಓಡಿದೆ. ಗೇಟು ದಾಟಿ, ದೋಣಿ ಕಟ್ಟುವ ಕಡವಿನ ಮೆಟ್ಟಿಲು ಒಂದೊಂದಾಗಿ ಇಳಿದು, ನೀರಿನ ಅಂಚಿಗೆ ನಿಂತರು. ಹೊಟ್ಟೆಯಿಂದ ದಪ್ಪಗೆ ಕೂಗಿದರು: "ಹೋ... ಅಕ್ಕೋ! ಇನ್ನೂ ಬುದ್ಧಿ ಬಂದಿಲ್ವೇನೇ?"

ಹೊಳೆಯ ನಡುವೆ ಹೊಸ ದೋಣಿಯವನು ಗಳ ಎತ್ತಿ ಹಿಡಿದು ನಿಂತುಬಿಟ್ಟ. ಆಚೆ ದಡದಲ್ಲಿ ಅಕ್ಕನ ಮನೆಮುಂದಿನ ಮಾವಿನ ಮರದ ಕೆಳಗೆ ಬಿಳಿ ಸೀರೆಯೊಂದು ಅಲುಗಿತು.

"ಮುದುಕಾ! ಸರದಿ ನಿಂದು! ಕೂಗೋದ್ ಬಿಟ್ಟು ಆಡು!"

ಅಜ್ಜ ನಮ್ಮ ಕಡೆ ತಿರುಗಿದರು, ಮುಖವೆಲ್ಲ ನಗು. "ಅವಳೇ, ಟೀಚರೇ."

ಆಮೇಲೆ ಎರಡು ಮಳೆಗಾಲ ಅವರು ಪ್ರತಿ ಭಾನುವಾರ ಆಡಿದರು. ಮೊದಲ ನಡೆಯಾದ ಮೇಲೆ ಒಮ್ಮೆ ಹೊಳೆಗೆ ಇಳಿದು ಬೈದು ಬರುವುದು ನಿಯಮವಾಯಿತು. ವೈದ್ಯರು ಕೊಟ್ಟ ಎಣ್ಣೆಗಿಂತ ಅದೇ ಮೊಣಕಾಲಿಗೆ ಹಿಡಿಯಿತೆಂದು ಸೊಸೆ ಹೇಳುತ್ತಾಳೆ. ಹೋದ ಓಣಂ ಕಳೆದ ಮೇಲೆ, ಒಂದು ಮಧ್ಯಾಹ್ನ ಉಂಡು ಮಲಗಿದ ಅಜ್ಜ ಏಳಲಿಲ್ಲ.

ನನ್ನ ತರಗತಿಗೆ ಕಾಡಿನಂಚಿನ ಹಾಡಿಗಳಿಂದ ಮಕ್ಕಳು ಬರುತ್ತಾರೆ. ಮಲಯಾಳದಲ್ಲಿ ಕೇಳಿದ್ದಕ್ಕೆ ಬಾಯಿ ಬಿಡದಿದ್ದರೆ ಮೊದಲು ದಡ್ಡರೆಂದು ಬರೆದುಬಿಡುತ್ತಿದ್ದೆ. ಈಗ ಕೂಗು ಬದಲಾಯಿಸಿ, ಅವರ ಮನೆಮಾತಿನಲ್ಲಿ ಇನ್ನೊಮ್ಮೆ ಕೇಳುತ್ತೇನೆ.

ಅಂದು ಕಡವಿನಲ್ಲಿ ಇದನ್ನು ಕಂಡವರು ನನ್ನನ್ನು ಬಿಟ್ಟು ಮೂವರು, ಮೂವರೂ ಇದ್ದಾರೆ. ಹೊಸ ದೋಣಿಯವನು ಈಗಲೂ ಆ ಹೊತ್ತಿಗೆ ಹೊಳೆಯ ನಡುವೆ ಗಳ ನಿಲ್ಲಿಸುತ್ತಾನೆ. ಸೊಸೆ ಭಾನುವಾರ ಪೆಟ್ಟಿಗೆ ಹಚ್ಚಿ, ಅಜ್ಜನ ಬದಲು ಆಡಲು ನನ್ನನ್ನು ಕರೆಯುತ್ತಾಳೆ. ಇನ್ನೊಬ್ಬರು ಆಚೆ ದಡದ ಅಕ್ಕ. ಮೂಲೆಯ ಪದಾತಿಯನ್ನು ಒಂದು ಮನೆ ಮುಂದಿಟ್ಟು, ನಾನು ಮೆಟ್ಟಿಲಿಳಿದು ಬಂದು ಬೈಯಲಿ ಎಂದು ಮಾವಿನ ಮರದ ಕೆಳಗೆ ಕಾಯುತ್ತಾರೆ.