ಉಣ್ಣೆ ಕುಡಿದ ನೀರು

ಬೆಳಗಿನ ನಮಾಜು ಮುಗಿಸಿ ಎದ್ದ ಕೂಡಲೇ ಫಿದ್ದಾ ತಾರಸಿ ಹತ್ತುತ್ತಿದ್ದಳು. ಬಿಸ್ಮಿಲ್ಲಾ ಎಂದು ಹೇಳಿ, ಬಿಳಿ ಬಟ್ಟೆಯ ಮೇಲೆ ಹರಡಿದ್ದನ್ನೆಲ್ಲ ಒಂದೊಂದಾಗಿ ಮಗುಚಿ ಹಾಕುತ್ತಿದ್ದಳು. ವಸಂತದಲ್ಲಿ ಜಮೀದ್, ಎಂದರೆ ಉಪ್ಪು ಬೆರೆಸಿ ಕಟ್ಟಿದ ಮೊಸರಿನ ಉಂಡೆಗಳು. ಬೇಸಿಗೆಯಲ್ಲಿ ಅಂಜೂರ, ದಾರಕ್ಕೆ ಪೋಣಿಸಿದ ಎಳೆ ಬೆಂಡೆಕಾಯಿ, ಜಾತರ್ ಸೊಪ್ಪು. ಚಳಿಗಾಲದಲ್ಲಿ ಒಣಗಿಸಲು ಏನೂ ಇರುತ್ತಿರಲಿಲ್ಲ. ಆಗಲೂ ಹತ್ತುತ್ತಿದ್ದಳು. ಖಾಲಿ ಬಟ್ಟೆಯನ್ನೇ ಕೊಡವಿ, ಮಗುಚಿ ಹಾಸಿ ಇಳಿದು ಬರುತ್ತಿದ್ದಳು.

"ಗಾಳಿ ಒಣಗಿತಾ, ಯಮ್ಮಾ?" ಎಂದು ಕಿರಿಯ ಮಗಳು ಬಸ್ಮಾ ಹಾಸಿಗೆಯಿಂದಲೇ ಕೇಳುವಳು.

"ನೀನು ಏಳು. ನಿನ್ನನ್ನೂ ಒಂದು ಸಲ ಮಗುಚಿ ಹಾಕಬೇಕು."

ಅಜ್ಲೂನಿನ ಗುಡ್ಡಗಳ ನಡುವಿನ ಆ ಹಳ್ಳಿಯಲ್ಲಿ ಮನೆಗೊಬ್ಬರು ಕುವೈತಿನಲ್ಲೋ ದೋಹಾದಲ್ಲೋ ಇದ್ದರು. ರಜೆ ಮುಗಿಸಿ ಹೊರಡುವವರೆಲ್ಲ ಚೀಲ ಕಟ್ಟುವ ಮೊದಲು ಫಿದ್ದಾಳ ಅಂಗಳಕ್ಕೆ ಬರುವುದು ರೂಢಿಯಾಗಿತ್ತು. ಹೆಂಡತಿ, ಮಕ್ಕಳು, ಅತ್ತೆ ಎಲ್ಲರ ಚೀಲಗಳನ್ನೂ ಅವಳು ಉಣ್ಣೆ ತೂಗುವ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ನೋಡುತ್ತಿದ್ದಳು. ಓದು ಬರಹ ಅವಳಿಗೆ ಬಾರದು. ಅಂಕಿ ಮಾತ್ರ ಬರುತ್ತಿತ್ತು. ಕುರಿ ಸಾಕಿದವರಿಗೆ ಅದು ಹೇಗೋ ಬಂದೇ ಬರುತ್ತದೆ. ವಿಮಾನದ ಕಂಪನಿಯವರು ಮಿತಿ ಮೀರಿದ ತೂಕಕ್ಕೆ ಎಷ್ಟು ಕಸಿಯುತ್ತಾರೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ತಪ್ಪಿಸುವ ದಾರಿ ಗೊತ್ತಿದ್ದದ್ದು ಫಿದ್ದಾಳಿಗೆ.

"ತೂಕ ಅನ್ನೋದೆಲ್ಲ ನೀರು," ಎನ್ನುತ್ತಿದ್ದಳು ಅವಳು. "ನೀರನ್ನ ಇಲ್ಲೇ ಬಿಟ್ಟು ಹೋಗಿ. ಕುವೈತಿನಲ್ಲಿ ನಲ್ಲಿ ಇದೆ."

ಪಕ್ಕದ ಮನೆಯ ಉಮ್ಮು ಹಾಯಿಲ್ ಮಗನಿಗೆಂದು ಎಣ್ಣೆಯಲ್ಲಿ ಮುಳುಗಿಸಿದ ಗಟ್ಟಿ ಮೊಸರಿನ ಗಾಜಿನ ಭರಣಿ ತಂದರೆ ಅದನ್ನು ಹಾಗೇ ವಾಪಸು ಕಳಿಸಿ, "ಅವನಿಗೆ ಜಮೀದ್ ಕಳಿಸು, ನೆನೆಸಿಕೊಂಡು ತಿನ್ನಲಿ. ಗಾಜು ಕಳಿಸಿ ಏನು ಮಾಡ್ತೀಯ, ನೆಕ್ಕುತ್ತಾನಾ?" ಎಂದಿದ್ದಳು. ಉಮ್ಮು ಹಾಯಿಲ್ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಜಮೀದ್ ತಂದಳು.

ಇಷ್ಟೆಲ್ಲ ತಿಳಿದಿದ್ದ ಫಿದ್ದಾ ಅರವತ್ತೊಂದು ತುಂಬುವವರೆಗೂ ವಿಮಾನ ಹತ್ತಿರಲಿಲ್ಲ. ಹತ್ತುವ ಕಾರಣ ಕುವೈತಿನಿಂದ ಬಂತು. ದೊಡ್ಡ ಮಗಳು ಜುಮಾನಾ ಮದುವೆಯಾಗಿ ಏಳು ವರ್ಷದ ಮೇಲೆ ಬಸುರಿಯಾಗಿದ್ದಳು. ನವೆಂಬರಿನಲ್ಲಿ ದಿನ ತುಂಬುವುದಿತ್ತು. ಏನು ತರಲಿ ಎಂದು ಫೋನಿನಲ್ಲಿ ಕೇಳಿದಾಗ ಅವಳು ಬಂಗಾರ ಕೇಳಲಿಲ್ಲ. "ನಮ್ಮ ಕುರಿಯ ಉಣ್ಣೆದು ಒಂದು ಹಾಸಿಗೆ ತಾ ಯಮ್ಮಾ," ಎಂದಳು. "ನಲವತ್ತು ದಿನ ಮಗು ಜೊತೆ ಅದರ ಮೇಲೆ ಮಲಗ್ತೀನಿ. ಇಲ್ಲಿಯ ಸ್ಪಂಜಿನ ಹಾಸಿಗೆ ಮೇಲೆ ಬೆನ್ನು ಬೇಯುತ್ತೆ."

ಫಿದ್ದಾ ಅಂಥದೇ ಹಾಸಿಗೆಯ ಮೇಲೆ ಮೂರು ಮಕ್ಕಳೊಂದಿಗೆ ಮೂರು ನಲವತ್ತು ದಿನ ಕಳೆದವಳು. ಆದರೆ ಕುರಿಗಳು ಈಗ ಇರಲಿಲ್ಲ. ಗಂಡ ಫಲಾಹನ ಮಂಡಿ ಸೋತು ಕುರಿಗಳ ಹಿಂದೆ ಗುಡ್ಡ ಹತ್ತಲಾಗುತ್ತಿರಲಿಲ್ಲ. ವಸಂತದಲ್ಲಿ ಕೊನೆಯ ಸಲ ಉಣ್ಣೆ ಕತ್ತರಿಸಿ ಹಿಂಡನ್ನು ಮಾರಿದ್ದರು. ಟಿಕೆಟ್ಟಿನ ಹಣ ಬಂದದ್ದೂ ಅಲ್ಲಿಂದಲೇ. ಆ ಕೊನೆಯ ಉಣ್ಣೆಯನ್ನು ತೊಳೆದು, ಕೋಲಿನಿಂದ ಬಡಿದು, ಬೆರಳಿನಿಂದ ಬಿಡಿಸಿ, ಆಗಸ್ಟಿನಲ್ಲಿ ಹಾಸಿಗೆ ಹೊಲಿದು ತೂಗಿದಳು. ಸರಿಯಾಗಿ ಆರು ಕಿಲೋ.

ಗಂಡ, ಹೆಂಡತಿ, ಬಸ್ಮಾ, ಮೂವರ ಟಿಕೆಟ್ಟೂ ಒಟ್ಟಿಗೆ ಇತ್ತು. ಮೂವರ ಚೀಲಗಳ ತೂಕವನ್ನು ಕೂಡಿಸಿಯೇ ನೋಡುತ್ತಾರೆ, ಅರವತ್ತೊಂಬತ್ತು ಕಿಲೋ ಒಯ್ಯಬಹುದು ಎಂದು ಮಗ ನವಾಫ್ ವಿಚಾರಿಸಿ ಹೇಳಿದ್ದ. ಫಿದ್ದಾ ಕುವೈತಿಗೆ ಹೋಗುತ್ತಾಳೆಂದು ತಿಳಿದ ಮೇಲೆ ಅಂಗಳ ತುಂಬಿತು. ಮಗನಿಗೆ, ತಮ್ಮನಿಗೆ, ಅಳಿಯನಿಗೆ ಎಂದು ಹನ್ನೊಂದು ಮನೆಯವರು ಗಂಟು ತಂದುಕೊಟ್ಟರು. ಎಲ್ಲವೂ ಒಣಗಿದ್ದೇ. ಅವಳು ಒಂದನ್ನೂ ಬೇಡ ಎನ್ನಲಿಲ್ಲ. ಬೇರೆಯವರ ಗಂಟು ಅಮಾನತ್ತು; ಕೈಗೆ ಬಂದ ಮೇಲೆ ಮುಟ್ಟಿಸಲೇಬೇಕು. ಒಣಗು ಎಂದರೆ ಮಾತು ಕೇಳದೆ ಇದ್ದದ್ದು ಎಣ್ಣೆಯೊಂದೇ. ಅಕ್ಟೋಬರಿನಲ್ಲಿ ಬರುವ ಹೊಸ ಆಲಿವ್ ಎಣ್ಣೆಗೆಂದು ಒಂದು ಸಣ್ಣ ಡಬ್ಬಿ ತೆಗೆದಿಟ್ಟಳು. ಸೆಪ್ಟೆಂಬರಿನಲ್ಲಿ ಎಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ತೂಗಿ, ತುಂಬಿದ ಡಬ್ಬಿಯ ತೂಕವನ್ನೂ ಸೇರಿಸಿ, ಲೆಕ್ಕ ಹಾಕಿದಳು. ಅರವತ್ತೆಂಟೂವರೆ. ಅರ್ಧ ಕಿಲೋ ತಕ್ಕಡಿಯ ತಪ್ಪಿಗೆ ಇರಲಿ ಎಂದು ಬಿಟ್ಟಳು.

ನವೆಂಬರಿನ ಆರಂಭದಲ್ಲಿ, ಹೊರಡುವ ದಿನ, ಫಲಾಹನಿಗೆ ಎರಡು ಪ್ಯಾಂಟು, ಮೂರು ಅಂಗಿ, ಮೇಲೊಂದು ಚಳಿಗಾಲದ ಕೋಟು ತೊಡಿಸಿ, ಕೋಟಿನ ನಾಲ್ಕೂ ಜೇಬಿಗೆ ಜಾತರ್ ಸೊಪ್ಪು ತುಂಬಿದಳು. ಕೈಚೀಲಗಳಲ್ಲಿ ಬೆರಳು ತೂರಿಸಲೂ ಎಡೆಯಿರಲಿಲ್ಲ.

"ಮನುಷ್ಯನಾಗಿ ಇದ್ದೆ, ಅಂಗಡಿ ಮಾಡಿ ಕಳಿಸ್ತಾ ಇದೀಯ, ಉಮ್ಮು ನವಾಫ್," ಎಂದ ಫಲಾಹ್, ನವಾಫನ ತಾಯಿ ಎಂದೇ ಅವಳನ್ನು ಕರೆಯುವ ರೂಢಿಯಂತೆ.

"ಅಂಗಡಿ ಸುಮ್ಮನೆ ಕೂತಿರುತ್ತೆ, ಅಬೂ ನವಾಫ್. ನೀವೂ ಹಾಗೇ ಕೂತಿರಿ."

ಫಲಾಹನಿಗೆ ತಡವಾಗುವ ಭಯ. ಆದ್ದರಿಂದ ನವಾಫನ ಪಿಕಪ್ಪಿನಲ್ಲಿ ನಾಲ್ಕು ಗಂಟೆ ಮೊದಲೇ ವಿಮಾನ ನಿಲ್ದಾಣ ಸೇರಿದರು. ಕೌಂಟರಿನವನು ಚೀಲಗಳನ್ನು ಒಂದೊಂದಾಗಿ ತೂಗುವ ಪಟ್ಟಿಯ ಮೇಲೆ ಇರಿಸಿ ಕೂಡಿಸಿದ.

"ಎಪ್ಪತ್ತೊಂದು. ಎರಡು ಕಿಲೋ ಜಾಸ್ತಿ ಇದೆ, ಚಿಕ್ಕಮ್ಮ."

ಹೆಚ್ಚಿನ ತೂಕಕ್ಕೆ ಅವನು ಹೇಳಿದ ಮೊತ್ತಕ್ಕೆ ಒಂದು ಒಳ್ಳೆಯ ಕುರಿ ಬರುತ್ತಿತ್ತು. ಫಿದ್ದಾ ಚೀಲಗಳನ್ನು ನೋಡುತ್ತ ನಿಂತಳು. ಸೆಪ್ಟೆಂಬರಿನಲ್ಲಿ ತೂಗಿದ ಮೇಲೆ, ಆ ಎಣ್ಣೆಯೊಂದನ್ನು ಬಿಟ್ಟು, ಅವಕ್ಕೆ ಅವಳು ಏನನ್ನೂ ಸೇರಿಸಿರಲಿಲ್ಲ.

"ಹಾಸಿಗೆ ಬಿಟ್ಟುಬಿಡೋಣ," ಎಂದ ಫಲಾಹ್. "ನವಾಫ್ ವಾಪಸು ಒಯ್ಯಲಿ. ಕುವೈತಿನಲ್ಲಿ ಹಾಸಿಗೆ ಸಿಗಲ್ವಾ?"

"ಕುವೈತಿನಲ್ಲಿ ನಮ್ಮ ಕುರಿ ಸಿಗುತ್ತಾ?"

"ಹಾಗಾದ್ರೆ ಬೇರೆಯವರ ಗಂಟು ತೆಗಿ."

ಫಿದ್ದಾ ಚೀಲಗಳ ಕಡೆ ಬಗ್ಗಿದಳು. ಹಾಸಿಗೆಯ ಸುರುಳಿಯ ಸಂದಿಗೆ ಕೈ ತೂರಿಸಿ ಸ್ವಲ್ಪ ಹೊತ್ತು ಹಾಗೇ ಇಟ್ಟಳು. ಹೊರಗೆ ತೆಗೆದು ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡಳು. ತಣ್ಣಗಿತ್ತು.

ಕಳೆದ ಎಂಟು ದಿನ ಅಜ್ಲೂನಿನಲ್ಲಿ ಮೊದಲ ಮಳೆ, ಬಿಡದ ಮಂಜು. ಕಟ್ಟಿಟ್ಟ ಗಂಟುಗಳೆಲ್ಲ ಬಾಗಿಲ ಪಕ್ಕದ ತಣ್ಣನೆಯ ಕೋಣೆಯಲ್ಲಿದ್ದವು. ಬೆಳಗ್ಗೆ ತಾರಸಿ ಹತ್ತಿ ಒದ್ದೆ ಬಟ್ಟೆಯನ್ನು ಮಗುಚಿ ಬಂದವಳಿಗೆ, ಕೆಳಗೆ ಉಣ್ಣೆಯೂ ಬೆಂಡೆಕಾಯಿಯೂ ಜಾತರ್ ಸೊಪ್ಪೂ ಆ ಮಂಜನ್ನೇ ಕುಡಿಯುತ್ತಿವೆ ಎಂದು ಹೊಳೆದಿರಲಿಲ್ಲ. ತೂಕ ಅನ್ನೋದೆಲ್ಲ ನೀರು ಎಂದು ಊರಿಗೆಲ್ಲ ಹೇಳಿದವಳು ಅವಳೇ.

"ಕೌಂಟರು ಯಾವಾಗ ಮುಚ್ಚುತ್ತೆ, ಮಗನೇ?"

"ಇನ್ನೂ ಮೂರು ಗಂಟೆ ಇದೆ."

"ನವಾಫ್, ಚೀಲ ಎತ್ತು," ಎಂದಳು ಫಿದ್ದಾ.

ಹೊರಗೆ ವಾಹನ ನಿಲ್ಲಿಸುವ ಬಯಲಿನಲ್ಲಿ ಬಿಸಿಲಿತ್ತು. ಗುಡ್ಡದ ಮಂಜು ಇಲ್ಲಿಯವರೆಗೆ ಇಳಿಯುವುದಿಲ್ಲ. ಪೂರ್ವದ ಮರುಭೂಮಿಯಿಂದ ಒಣ ಗಾಳಿ ಬೀಸುತ್ತಿತ್ತು. ಫಿದ್ದಾ ಪಿಕಪ್ಪಿನ ಕಾದ ಮೂತಿಯ ಮೇಲೆ ಹಾಸಿಗೆ ಹರಡಿದಳು. ಹಿಂದಿನ ತೊಟ್ಟಿಯಲ್ಲಿ ತನ್ನ ದೊಡ್ಡ ಶಾಲು ಹಾಸಿ, ಗಂಟುಗಳನ್ನು ಬಿಚ್ಚಿ, ಒಂದರದು ಇನ್ನೊಂದಕ್ಕೆ ಬೆರೆಯದಂತೆ ಹನ್ನೊಂದು ಗುಡ್ಡೆ ಮಾಡಿದಳು. ಬಿಸ್ಮಿಲ್ಲಾ ಎಂದು ಮಗುಚತೊಡಗಿದಳು. ಪೆಟ್ಟಿಗೆ ಎಳೆದುಕೊಂಡು ಹೋಗುವವರು ನಿಂತು ನೋಡಿದರು. ಒಬ್ಬ ಬೆಂಡೆಕಾಯಿ ಮಾರುತ್ತಾರಾ ಎಂದು ಕೇಳಿದ.

"ಯಮ್ಮಾ, ನೆಲ ಬಿರಿದು ನನ್ನನ್ನ ನುಂಗಬಾರದಾ," ಎಂದಳು ಬಸ್ಮಾ.

"ನಿಂತುಕೊಂಡು ನಾಚಿಕೊಳ್ಳೋ ಬದಲು ಆ ಕಡೆ ಮಗುಚ್ತಾ ನಾಚಿಕೋ."

ಫಲಾಹ್ ಮೂರು ಅಂಗಿಯೊಳಗೆ ಬೆವರುತ್ತ ಚಕ್ರದ ಪಕ್ಕ ಕುಳಿತಿದ್ದ. ಎರಡು ಗಂಟೆಯ ನಂತರ ಫಿದ್ದಾ ಹಾಸಿಗೆಯನ್ನು ತಟ್ಟಿ ನೋಡಿದಳು. ಅದರ ಸದ್ದು ಬದಲಾಗಿತ್ತು. ಗಂಟುಗಳನ್ನು ಮತ್ತೆ ಕಟ್ಟಿ ಒಳಗೆ ಒಯ್ದರು.

ಕೌಂಟರಿನವನು ಮತ್ತೆ ತೂಗಿದ. ಸಂಖ್ಯೆ ನೋಡಿ ಹುಬ್ಬೇರಿಸಿದ. ಅರವತ್ತೊಂಬತ್ತು ಕಿಲೋ ನಾನೂರು ಗ್ರಾಂ.

"ಏನು ಬಿಸಾಕಿದಿರಿ?"

"ನೀರು."

ಅವನು ಅವಳ ಮುಖ ನೋಡಿದ. "ನಿಮ್ಮ ಮಾತು ಕೇಳಿದ್ರೆ ಅಜ್ಲೂನಿನವರು ಅನ್ಸುತ್ತೆ. ನಮ್ಮಮ್ಮನೂ ಆ ಕಡೆಯವರೇ, ಅಂಜರಾದವರು." ಆಮೇಲೆ ದನಿ ತಗ್ಗಿಸಿದ. "ಇರಲಿ ಚಿಕ್ಕಮ್ಮ. ನಾನು ಅರವತ್ತೊಂಬತ್ತು ಅಂತಲೇ ಬರೀತೀನಿ. ನಾನೂರು ಗ್ರಾಮಿಗೆ ವಿಮಾನ ಬೀಳಲ್ಲ."

"ಅಲ್ಲಾಹ್ ನಿನ್ನ ತಾಯಿಗೆ ಒಳ್ಳೇದು ಮಾಡಲಿ," ಎಂದ ಫಲಾಹ್, ಕೂರಲು ಬೆಂಚು ಹುಡುಕುತ್ತ.

ಫಿದ್ದಾ ಅಷ್ಟರಲ್ಲಿ ನೆಲಕ್ಕೆ ಕೂತು ಮೂರನೆಯ ಚೀಲದ ಹಗ್ಗ ಬಿಚ್ಚುತ್ತಿದ್ದಳು. ಅದರಲ್ಲಿ ತನ್ನದೇ ಆದ ಒಂದು ಗಂಟಿತ್ತು, ತನ್ನ ಮರದ ಅಂಜೂರ. ಎರಡು ಹಿಡಿ ಬಸ್ಮಾಳ ಅಂಗೈಗೆ ಸುರಿದಳು, ಎರಡು ಹಿಡಿ ಫಲಾಹನಿಗೆ.

"ಜೇಬಿನಲ್ಲಿ ಜಾಗ ಇಲ್ವಲ್ಲೇ," ಎಂದ ಅವನು.

"ಬಾಯಿ ಇದೆ. ತಿನ್ನಿ."

ತಾನೂ ಬಾಯಿಗೆ ಒಂದು ಹಾಕಿಕೊಂಡು, ಉಳಿದದ್ದನ್ನು ಕಟ್ಟಿ ಚೀಲವನ್ನು ಪಟ್ಟಿಯ ಮೇಲೆ ಇಟ್ಟಳು. ಕೌಂಟರಿನವನು ಪೆನ್ನು ಹಿಡಿದು ಕಾಯುತ್ತಿದ್ದ.

"ನಾನು ಬರೀತೀನಿ ಅಂದೆನಲ್ಲ, ಚಿಕ್ಕಮ್ಮ. ಯಾರು ನೋಡ್ತಾರೆ?"

"ನೀನು ಒಳ್ಳೆಯವನು ಮಗನೇ, ಆದರೆ ಬೇಡ," ಎಂದಳು ಫಿದ್ದಾ, ಅಂಜೂರ ನುಂಗಿ. "ಈ ಹಾಸಿಗೆ ಮೇಲೆ ಒಂದು ಕೂಸು ಮಲಗಬೇಕು. ಇನ್ನೊಂದು ಸಲ ತೂಗು, ಎಷ್ಟು ಬರುತ್ತೋ ಅಷ್ಟೇ ಬರಿ."